ಕೆಂಪು ಪಟ್ಟೆಯ ಡಬ್ಬಿ ಮತ್ತು ನನ್ನಕ್ಕನ ಪ್ರಮಾಣ

ನೆರವು ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನಕ್ಕ ಕಿನುಯೊಳ ಚಿಕಿತ್ಸೆಯ ಅರ್ಜಿಯನ್ನು ನೀವು ಮೂರನೆಯ ಸಲ ತಿರಸ್ಕರಿಸಿದ್ದೀರಿ. ಕಾರಣ, ವಿಷಾನಿಲದ ಕಾರ್ಖಾನೆಯಲ್ಲಿ ದುಡಿದೆನೆಂದು ಆಕೆ ಎಲ್ಲೂ ಹೇಳಿಲ್ಲವಂತೆ. ನಿಜ, ಹೇಳಿಲ್ಲ. ಆ ಬಾಯಿಗೆ ಬೀಗ ಜಡಿದವರು ಯಾರು ಸ್ವಾಮಿ?

ಚೀನಾದ ಮೇಲೆ ನಾವು ದಂಡೆತ್ತಿ ಹೋದ ಮೂರನೆಯ ವರ್ಷ, ಹದಿನೇಳರ ಅಕ್ಕ ನಮ್ಮ ಸೆತೊ ಒಳಸಮುದ್ರದಲ್ಲಿ ಆ ಕಾರ್ಖಾನೆಯಿದ್ದ ದ್ವೀಪಕ್ಕೆ ಕೆಲಸಕ್ಕೆ ಹೋದಳು. ಹೆತ್ತವರಿಗೂ ಹೇಳೆನೆಂದು ಮೊದಲ ದಿನವೇ ಮಿಲಿಟರಿ ಪೊಲೀಸರ ಮುಂದೆ ಪ್ರಮಾಣ. ಗುಟ್ಟು ಕಾಯಲು ದ್ವೀಪವನ್ನೇ ಭೂಪಟದಿಂದ ಅಳಿಸಿದ್ದವರಿಗೆ ಒಬ್ಬ ಹುಡುಗಿಯ ಬಾಯಿ ಯಾವ ಲೆಕ್ಕ? ಜೊತೆಗೆ ದುಡಿದವರು ಈಚೆಗೆ ನನಗೆ ಹೇಳಿದಂತೆ, ಆಕೆ ಕೆಂಪು ಪಟ್ಟೆಯ ಡಬ್ಬಿಗಳಿಗೆ ಆರ್ಸೆನಿಕ್ ಪುಡಿ ತುಂಬಿದಳು. ಹಿಂದಿನ ಮಹಾಯುದ್ಧದಲ್ಲಿ ಜರ್ಮನ್ನರು ತೋರಿದ ಜಾಣತನ ಅದು: ಪುಡಿ ಉರಿದೆದ್ದ ಹೊಗೆ ಮುಖವಾಡದೊಳಗೆ ನುಸುಳಿದರೆ ಸೈನಿಕ ಸೀನಿ, ವಾಂತಿ ಮಾಡಿ, ಮುಖವಾಡ ಕಿತ್ತೆಸೆಯುತ್ತಾನೆ; ಆಮೇಲೆ ಕೊಲ್ಲುವ ಅನಿಲ ಬಿಟ್ಟರಾಯಿತು. ಇಂಥದ್ದನ್ನು ಬಳಸೆವೆಂದು ಜಿನೀವಾದಲ್ಲಿ ಸಹಿ ಹಾಕಿದವರು ನಾವೇ. ಸಹಿ ಹಾಕಿದವರು ಮರೆತರು, ಪ್ರಮಾಣ ಮಾಡಿದವಳು ಮರೆಯಲಿಲ್ಲ.

ಗಂಡನಿಗೆ ಅದು ಸಾಬೂನಿನ ಕಾರ್ಖಾನೆ ಎಂದಳು. ರಕ್ತ ಕೆಮ್ಮುವಾಗ ವೈದ್ಯರಿಗೆ, ಅಪ್ಪನಿಂದ ಬಂದ ಅಸ್ತಮಾ ಎಂದಳು. ನಮ್ಮಪ್ಪ ಎಂಬತ್ತರವರೆಗೂ ಬಲೆ ಎಳೆದ ಗಟ್ಟಿಮುಟ್ಟಾದ ಆಳು. ಆ ಸುಳ್ಳೇ ಈಗ ನಿಮ್ಮ ಕಡತದಲ್ಲಿ ಆಕೆಯ ವಿರುದ್ಧ ಸಾಕ್ಷಿ. ಕಳೆದ ತಿಂಗಳು ನಿಮ್ಮ ಗುಮಾಸ್ತರು ಮನೆಗೆ ಬಂದು, ನಮ್ಮ ಬಾರ್ಲಿ ಚಹಾ ಕುಡಿದು ಅಕ್ಕನನ್ನು ಕೇಳಿದರು.

"ಅಮ್ಮಾ, ಡಬ್ಬೀಲಿ ಏನಿತ್ತು ಅಂತ ಒಂದ್ ಮಾತು ಹೇಳ್ಬಿಡಿ, ಸಾಕು."

"ಗೊತ್ತಿಲ್ಲಪ್ಪ."

"ಹಂಗಾದ್ರೆ ನಾನೇನ್ ಬರ್ಕೊಳ್ಳಲಿ?"

"ಗೊತ್ತಿಲ್ಲ ಅಂತಾನೇ ಬರ್ಕೊ."

ಅವರು ಹೋದ ಮೇಲೆ ನಾನು ರೇಗಿದೆ. "ಯುದ್ಧ ಮುಗ್ದು ಮೂವತ್ತು ವರ್ಷ ಆಯ್ತಲ್ಲೇ ಅಕ್ಕ, ಇನ್ಯಾರಿಗ್ ಹೆದರ್ತೀಯ?"

"ಪ್ರಮಾಣ ಮುಗೀತು ಅಂತ ನಂಗ್ಯಾರೂ ಹೇಳಿಲ್ವಲ್ಲೋ. ಮಾಡಿಸ್ಕೊಂಡೋರೇ ಬಂದು ಬಿಡಿಸ್ಲಿ."

ಇಷ್ಟನ್ನೂ ನಿಮಗೆ ಬರೆದೆ. ಅಂಥ ಪ್ರಮಾಣದ ದಾಖಲೆಯೇ ಇಲ್ಲವೆಂದು ಉತ್ತರಿಸಿದಿರಿ. ಸಂತೋಷ. ಇಲ್ಲದ ಪ್ರಮಾಣವನ್ನು ರದ್ದು ಮಾಡಲು ನಿಮ್ಮ ಗಂಟೇನು ಹೋಗುತ್ತದೆ? "ಕಿನುಯೊ, ನಿನ್ನ ಪ್ರಮಾಣ ಇಂದಿಗೆ ಮುಗಿಯಿತು, ಮಾತಾಡು" ಎಂದು ಮೊಹರು ಒತ್ತಿ ಒಂದು ಸಾಲು ಬರೆದುಕೊಡಿ. ನಾನು ಕೇಳುವುದು ಅಷ್ಟೇ.

ಈ ತಿಂಗಳ ಇಪ್ಪತ್ತಕ್ಕೆ ಆಸ್ಪತ್ರೆಯವರು ಕ್ಯಾನ್ಸರ್ ತಗುಲಿದ ಆಕೆಯ ಧ್ವನಿಪೆಟ್ಟಿಗೆಯನ್ನು ಕತ್ತರಿಸಿ ತೆಗೆಯುತ್ತಾರೆ. ಪತ್ರ ಅದಕ್ಕೆ ಮೊದಲೇ ಬರಲಿ. ತಡವಾದರೂ ನಿಮಗೇನೂ ನಷ್ಟವಿಲ್ಲ ಬಿಡಿ. ಇಪ್ಪತ್ತೊಂದರಿಂದ ಆಕೆ ನಿಮ್ಮ ಇಲಾಖೆಗೆ ಬೇಕಾದಂಥ ಸಾಕ್ಷಿಯೇ ಆಗಿರುತ್ತಾಳೆ.

ಇಂತಿ,
ಯಾರ ಮುಂದೆಯೂ ಪ್ರಮಾಣ ಮಾಡದ ಪುಣ್ಯಕ್ಕೆ ಇನ್ನೂ ಬೊಗಳುತ್ತಿರುವ ತಮ್ಮ,
ಇಸೋಬೆ ತೊರಾಕಿಚಿ