ಬಿಗೋನಿಯಾ ಡಬ್ಬಿ

ನವೆಂಬರ್ ೧೬, ಭಾನುವಾರ. ಬಾಳೂರು.

ಸಿಂಕಿನ ಹತ್ತಿರ ಹೋಗಲೂ ಅಸಹ್ಯ. ಊಟ ಸೇರಲಿಲ್ಲ.

ಧೂಳಿನಷ್ಟು ಸಣ್ಣ ಬಿಗೋನಿಯಾ ಹೂವಿನ ಬೀಜ. ಸ್ವೀಟ್ ಡಬ್ಬಿಗೆ ಮಣ್ಣು ತುಂಬಿ, ಮೇಲೆ ಉದುರಿಸಿ, ಮುಚ್ಚಳಕ್ಕೆ ತೂತು ಹೊಡೆದು ಕಿಟಕಿಯಲ್ಲಿಟ್ಟು ಕಾದಿದ್ದೆ. ನಿನ್ನೆಯಷ್ಟೇ ಮಣ್ಣಿನ ಮೇಲೆ ತೆಳುವಾಗಿ ಹಸಿರು ಹರಡಿತ್ತು. ಭೂತಗನ್ನಡಿ ಹಿಡಿದರೆ ಎರಡೆರಡು ಎಲೆ.

ಬೆಳಿಗ್ಗೆ ನೋಡಿದರೆ ಡಬ್ಬಿಯೇ ಇಲ್ಲ. ಹೊಳೆಗೆ ಗಾಳ ಹಾಕಲು ಹೊರಟ ನಮ್ಮ ಯಜಮಾನರು ಅದರಲ್ಲಿ ಎರೆಹುಳ ತುಂಬಿಕೊಂಡು ಹೋಗಿದ್ದರು.

"ಒಳಗೆಲ್ಲ ಪಾಚಿ ಕಟ್ಟಿತ್ತು ಮಾರಾಯ್ತಿ, ಮಣ್ಣು ಚೆಲ್ಲಿ ಉಜ್ಜಿ ತೊಳ್ದೆ. ಮುಚ್ಚಳಕ್ಕೆ ತೂತು ಬೇರೆ ಇತ್ತಲ್ಲ, ಅನುಕೂಲ ಆಯ್ತು," ಅಂದರು, ಮಧ್ಯಾಹ್ನ ಬರಿಗೈಯಲ್ಲಿ ಬಂದು.

ತಾವು ಕುಡಿದ ಕಾಫಿ ಲೋಟವನ್ನು ಒಂದು ದಿನವೂ ತೊಳೆದವರಲ್ಲ.

ಡಬ್ಬಿ ಈಗ ಸಿಂಕಿನಲ್ಲಿದೆ. ಉಳಿದ ಹುಳ ಅದರಲ್ಲೇ ಹೊರಳುತ್ತಿದೆ. ಅದನ್ನು ತೊಳೆಯುವುದು ನನ್ನ ಕೆಲಸವಂತೆ.