ಎಬ್ಬಿಸುವ ಬಟನ್

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ
ಮೌನದ ಇಪ್ಪತ್ತನೆಯ ದಿನ

ನೆರೆದಿರುವ ಮಹಾಜನರೇ! ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತ ಹಿರಿಯರೇ, ಹಿಂದಿನ ಬೆಂಚಿನಲ್ಲಿ ಗುಸುಗುಸು ಎನ್ನುತ್ತಿರುವ ರಸಿಕರೇ, ಟಿಕೆಟ್ಟಿಲ್ಲದೆ ಕಿಟಕಿ ಹತ್ತಿರುವ ಮಹಾನುಭಾವರೇ! ಸದ್ದು! ಪರದೆ ಏಳುತ್ತಿದೆ!

ಈ ಇಷ್ಟೂ ಜನ ನೀನೊಬ್ಬಳೇ, ನನ್ನ ಸಿಳ್ಳೆ. ಮಾತು ಕಲಿಯುವ ಮೊದಲೇ ರಂಗದ ಮಗ್ಗುಲಲ್ಲಿ ನಿಂತು ಸಿಳ್ಳೆ ಹಾಕಲು ಕಲಿತವಳೆಂದು ನಾನೇ ಇಟ್ಟ ಹೆಸರು. ಎರಡು ವರ್ಷದಿಂದ ಆ ಹೆಸರು ಕೂಗಿಲ್ಲ. ಯಾಕೆಂದು ನಿನಗೂ ಗೊತ್ತು, ನನಗೂ ಗೊತ್ತು. ಆ ಅಂಕ ಆಮೇಲೆ ಬರುತ್ತದೆ.

ಮೊದಲು ಸುದ್ದಿ. ನಿನ್ನ ಅಪ್ಪನ ಗಂಟಲಿಗೆ ಆಪರೇಷನ್ ಆಗಿದೆ. ಗಾಬರಿ ಬೇಡ. ಮೂವತ್ತೈದು ವರ್ಷ ಮೈಕಿಲ್ಲದೆ ಕೊನೆಯ ಬೆಂಚಿನವರೆಗೂ ಗುಡುಗಿದ್ದಕ್ಕೆ ಒಳಗೊಂದು ಗಂಟು ಬೆಳೆದಿತ್ತು. ತೆಗೆದರು. ಕೆಟ್ಟ ಗಂಟಲ್ಲವಂತೆ. ಮೂರು ವಾರ ಪಿಟಕ್ಕೆನ್ನಬಾರದೆಂದು ಡಾಕ್ಟರಮ್ಮನ ಆಜ್ಞೆ. ನಿನಗೆ ತಿಳಿಸಕೂಡದೆಂದು ನಿಮ್ಮಮ್ಮನ ಬಾಯಿ ಕಟ್ಟಿದವನು ನಾನೇ. ಅವಳ ಮೇಲೆ ಸಿಟ್ಟಾಗಬೇಡ.

ಈಗ ನನ್ನ ಕಂಠವೆಂದರೆ ಒಂದು ಸ್ಲೇಟು, ಒಂದು ಬಳಪ. ನಿಮ್ಮಮ್ಮನಿಗಂತೂ ಸುಗ್ಗಿ. ಹೊಲಿಗೆ ಮಿಷನ್ನಿನ ಹಿಂದಿನಿಂದಲೇ, "ಮೂವತ್ತು ವರ್ಷ ನಾನು ಕೇಳ್ಕೊಂಡು ಕೂತಿದ್ದೆ. ಮೂರು ವಾರ ನೀವು ಕೇಳಿ, ಏನೂ ಸವೆದು ಹೋಗಲ್ಲ" ಎಂದಳು. ನಾನು ಸಿಟ್ಟಿನಿಂದ ಸ್ಲೇಟು ತುಂಬ ದಪ್ಪಕ್ಷರದಲ್ಲಿ ಉತ್ತರ ಬರೆದು ಮುಖಕ್ಕೆ ಹಿಡಿದೆ. "ಮೆಲ್ಲಗೆ ಬರೀರಿ, ಕಿವಿ ನೋಯುತ್ತೆ" ಎಂದಳು.

ನಾಲ್ಕನೆಯ ದಿನ, ನನ್ನ ಗೋಳು ನೋಡಲಾರದೆ, ಬೀರುವಿನ ಮೇಲಿನ ಅರೆಯಿಂದ ನಿನ್ನ ಹಳೆಯ ಗೇಮ್ ಕನ್ಸೋಲ್ ಇಳಿಸಿ, ಟಿವಿಗೆ ಸಿಕ್ಕಿಸಿ, ಒಂದು ಡಿಸ್ಕ್ ಹಾಕಿ, ಕಂಟ್ರೋಲರನ್ನು ಕೈಗೆ ತುರುಕಿದಳು. "ಆಡಿ. ಆಡುವಾಗ ಬಾಯಿ ಬೇಕಾಗಿಲ್ಲ." ಯಾವ ಗೇಮ್ ಎಂದು ಹೇಳಲಿಲ್ಲ, ಕಳ್ಳಿ!

ಕೇಳು, ನಾಯಕನೊಬ್ಬ ಕಲ್ಲಿನ ಕೋಟೆ ಹತ್ತುತ್ತಾನೆ. ಖಡ್ಗ ಇದೆ, ನಡಿಗೆ ಇಲ್ಲ! ಸೊಂಟವೇ ತಿರುಗದೆ ಭುಜದಿಂದ ನಡೆಯುತ್ತಾನೆ. ನಮ್ಮ ನಾಟಕ ಕಂಪನಿಯಲ್ಲಾಗಿದ್ದರೆ ಒಂದು ತಿಂಗಳು ಬರೀ ಕಸ ಗುಡಿಸಲು ಹಾಕುತ್ತಿದ್ದರು. ಬಿದ್ದೂ ಎದ್ದೂ ಮೂರನೆಯ ಬಾಗಿಲಿಗೆ ಬಂದೆ. ಅಲ್ಲಿ ಮುಖವಾಡದ ಬಿಲ್ಗಾರ್ತಿಯೊಬ್ಬಳು ಅಡ್ಡ ನಿಂತು, "ಇಲ್ಲಿಂದ ಮುಂದೆ ದಾರಿಯಿಲ್ಲ. ಹಿಂದಕ್ಕೆ ಹೋಗು" ಎಂದಳು.

ನನ್ನ ಕೈಯಿಂದ ಕಂಟ್ರೋಲರ್ ಕೆಳಗೆ ಬಿತ್ತು. ಅದು ನಿನ್ನ ದನಿ.

ನಾನು ಬಾಯಿ ತೆರೆದು ಕುಳಿತಿದ್ದಂತೆಯೇ ನೀನು ಬಾಣ ಬಿಟ್ಟೆ. ನಾನು ಸತ್ತೆ. ಮತ್ತೆ ಹುಟ್ಟಿ ಅದೇ ಬಾಗಿಲಿಗೆ ಬಂದೆ. ನೀನು ಮಾತಾಡಿದೆ, ನಾನು ಕೇಳಿದೆ, ಸತ್ತೆ. ಹೀಗೆ ಆರು ದಿನ! ನಿಮ್ಮಮ್ಮ ಬಟ್ಟೆಗೆ ಕಾಜಾ ಹಾಕುತ್ತಾ, "ಒಬ್ಬಳು ಹುಡುಗಿ ಕೈಲಿ ದಿನಕ್ಕೆ ನಲವತ್ತು ಸಲ ಸಾಯ್ತೀರಲ್ಲ, ಸ್ವಲ್ಪನಾದ್ರೂ ನಾಚಿಕೆ ಇದೆಯಾ?" ಎಂದಳು. ನಾನು ಬರೆದೆ: ‘ಹೇಗೆ ಹೊಡೆಯಲಿ? ನಮ್ಮ ಮಗು.’

ಅವಳು ಸೂಜಿ ಇಟ್ಟು ಸ್ಲೇಟನ್ನು ಹತ್ತಿರಕ್ಕೆ ಎಳೆದುಕೊಂಡು ಓದಿದಳು. ಆಮೇಲೆ, "ನಟನೆ ಕಣ್ರೀ. ಅವಳು ಬೀಳೋದಕ್ಕೇ ನಿಂತಿದ್ದಾಳೆ. ನೀವು ಹೊಡೀದಿದ್ರೆ ಅವಳ ಕೆಲಸ ಮುಗಿಯೋದು ಹೇಗೆ?" ಎಂದಳು. ರಂಗದ ಪಾಠವನ್ನು ನನಗೆ ನನ್ನ ದರ್ಜಿ ಹೇಳಿಕೊಟ್ಟಳು!

ಆಟದ ಏಳನೆಯ ದಿನ ಕಣ್ಣು ಮುಚ್ಚಿ ಬಟನ್ ಒತ್ತಿದೆ. ಖಡ್ಗ ತಾಗಿತು. ಮಗಳೇ, ನೀನು ತಕ್ಷಣ ಕೂಗಲಿಲ್ಲ. ಅರ್ಧ ಉಸಿರು ತಡೆದೆ. ಆ ತಡೆದ ಅರ್ಧ ಉಸಿರಿನಲ್ಲಿ ನಂಬಲಾರದ ಆಶ್ಚರ್ಯ. ಅದಾದ ಮೇಲೆ ನೋವು. ಅದನ್ನು ಕಲಿಸಿದವನು ನಾನು, ಬಣ್ಣದ ಕೋಣೆಯ ಚಾಪೆಯ ಮೇಲೆ, ನಿನಗೆ ಆರು ವರ್ಷವಿದ್ದಾಗ. ನೀನು ಮರೆತಿಲ್ಲ.

ನಮ್ಮ ಕಂಪನಿಯ ನೇಮವೂ ನಿನಗೆ ನೆನಪಿರಬೇಕು: ರಂಗದ ಮೇಲೆ ಕೊಂದವನೇ ಎಬ್ಬಿಸಬೇಕು. ಪರದೆ ಬಿದ್ದ ಕೂಡಲೇ ಕೈ ಚಾಚಿ, "ಏಳು, ಪರದೆ ಬಿದ್ದಿದೆ" ಅನ್ನಬೇಕು. ಬೇರೆ ಯಾರೂ ಅನ್ನುವಂತಿಲ್ಲ. ಆ ಅಭ್ಯಾಸಬಲದಿಂದ ನಾನು ನಿನ್ನ ಪಕ್ಕ ನಿಂತು ಎಬ್ಬಿಸುವ ಬಟನ್ ಹುಡುಕಿದೆ. ಚೌಕದ ಗುಂಡಿ ಒತ್ತಿದರೆ ಆ ನಾಯಕ ಖಡ್ಗ ಬೀಸಿದ. ಗುಂಡಗಿನದು ಒತ್ತಿದರೆ ಉರುಳಿದ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಒತ್ತಿದರೆ, ಆ ದರಿದ್ರದವನು ನಿನ್ನ ಮೇಲೆಯೇ ಕುಪ್ಪಳಿಸಿದ! ಅಷ್ಟರಲ್ಲಿ ನೀನು ಬೂದಿಯಾಗಿ ಗಾಳಿಗೆ ಹಾರಿಹೋದೆ. ನಾನು ಸದ್ದಿಲ್ಲದೆ ಅತ್ತೆ. ಆಜ್ಞೆಯಲ್ಲಿ ಅಳಬಾರದೆಂದು ಇರಲಿಲ್ಲ.

ಮರುದಿನ ಹಿಂದಿನ ಬೀದಿಯ ಡಿಸ್ಕ್ ಅಂಗಡಿಗೆ ಹೋಗಿ ಸ್ಲೇಟು ಹಿಡಿದೆ: ‘ನನ್ನ ಮಗಳು ಯಾವುದರಲ್ಲಿದ್ದಾಳೆ?’ ಅಂಗಡಿಯವನು ಕನ್ನಡಕ ಸರಿಮಾಡಿಕೊಂಡು, "ಯಜಮಾನ್ರೇ, ಕಳೆದುಹೋಗಿದ್ದಾರಾ? ಪೊಲೀಸ್ ಸ್ಟೇಷನ್ ಆ ತಿರುವಿನಲ್ಲಿದೆ" ಎಂದ. ಮೂರು ಸಲ ಒರೆಸಿ ಬರೆದ ಮೇಲೆ ಅರ್ಥವಾಗಿ, ಎರಡು ಡಿಸ್ಕ್ ಕೊಟ್ಟ.

ಒಂದು ಕಾರಿನ ರೇಸು. ಅದರಲ್ಲಿ ನೀನಿರಲಿಲ್ಲ. ಕಾರು ಓಡಿತು, ಗೋಡೆಗೆ ಗುದ್ದಿತು, ಮುಗಿಯಿತು.

ಇನ್ನೊಂದು! ಅಬ್ಬಾ, ಅದನ್ನು ಹೇಗೆ ಹೇಳಲಿ. ಕಾಳಗವಿಲ್ಲ, ಖಳನಿಲ್ಲ. ಒಂದು ಪುಟ್ಟ ತೋಟ. ಬೀಜ ಬಿತ್ತಬೇಕು, ನೀರು ಹಾಕಬೇಕು. ಹತ್ತೇ ನಿಮಿಷದಲ್ಲಿ ನಿದ್ದೆ ಬಂತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಬೀಜದಂಗಡಿಯ ಹೆಂಗಸು "ಮತ್ತೆ ಬನ್ನಿ, ಆಯ್ತಾ?" ಎಂದಳು ನೋಡು, ಎದ್ದು ಕುಳಿತೆ. ನೀನೇ. ಮತ್ತೆ ಹೋದೆ. ನೀನು ಮತ್ತೆ ಬನ್ನಿ ಎಂದೆ, ಬೇರೆ ಥರ. ಒಟ್ಟು ಹನ್ನೊಂದು ಥರ! ಒಂದರಲ್ಲಿ ದಣಿವು, ಒಂದರಲ್ಲಿ ಕೀಟಲೆ, ಒಂದರಲ್ಲಿ ಈತ ನಿಜಕ್ಕೂ ಮತ್ತೆ ಬರುತ್ತಾನೋ ಇಲ್ಲವೋ ಎಂಬ ಅಳುಕು. ಆ ಕೊನೆಯದಕ್ಕಾಗಿ ನಾನು ಮೂಲಂಗಿ ಬೀಜವನ್ನು ಎಷ್ಟು ತಂದೆನೆಂದರೆ, ತೋಟದಲ್ಲಿ ನನಗೆ ನಿಲ್ಲಲು ಜಾಗವಿಲ್ಲ.

ನೀನು ದನಿ ಕೊಡುವ ಕೋಣೆಯಲ್ಲಿ ಎದುರಿಗೆ ಜನವಿಲ್ಲ, ದೀಪವಿಲ್ಲ, ಜೊತೆ ನಟನ ಕಣ್ಣಿಲ್ಲ. ಇದನ್ನು ನೀನು ಹೇಗೆ ಮಾಡುತ್ತೀ ಎಂದು ತಿಳಿಯಬೇಕಾಗಿತ್ತು. ನಿಮ್ಮಮ್ಮನ ಬಟ್ಟೆ ಇಡುವ ಗೂಡಿನೊಳಗೆ ಹೋಗಿ, ಬಾಗಿಲೆಳೆದುಕೊಂಡು, ಕತ್ತಲಲ್ಲಿ ತುಟಿಯಷ್ಟೇ ಆಡಿಸಿ ನನ್ನ ಅತಿ ದೊಡ್ಡ ಪಾತ್ರವನ್ನು ಅಭಿನಯಿಸಿದೆ. ಆಗಲಿಲ್ಲ, ಸಿಳ್ಳೆ. ಚಪ್ಪಾಳೆ ಬರುವ ದಿಕ್ಕು ಗೊತ್ತಿಲ್ಲದೆ ನನಗೆ ಮುಖ ಎತ್ತ ತಿರುಗಿಸಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ನೂಲು ತೆಗೆದುಕೊಳ್ಳಲು ಬಾಗಿಲು ತೆರೆದ ನಿಮ್ಮಮ್ಮ ಕಿಟಾರನೆ ಕಿರುಚಿದಳು. ಅವಳೂ ಅರ್ಧ ಉಸಿರು ತಡೆದಿದ್ದಳು, ಸೊಗಸಾಗಿತ್ತು.

ಈಗ ಆ ಅಂಕ.

ಎರಡು ವರ್ಷದ ಹಿಂದೆ ಊಟಕ್ಕೆ ಕುಳಿತಾಗ, ಗೇಮ್‌ಗಳಿಗೆ ದನಿ ಕೊಡುವ ಕೆಲಸ ಸಿಕ್ಕಿತೆಂದು ನೀನು ಹೇಳಿದೆ. ಅದಕ್ಕೆ ನಾನು, ಇಡೀ ಬೀದಿಗೆ ಕೇಳುವಂತೆ, "ಕತ್ತಲೆ ಪೆಟ್ಟಿಗೇಲಿ ನಿಂತು ಯಂತ್ರಕ್ಕೆ ಕೂಗೋದು ನಟನೆಯಾ? ಅದು ಕಂಠ ಅಲ್ಲ, ಬರೀ ಸದ್ದು. ಇನ್ನು ನನ್ನೆದುರು ಬಾಯಿ ತೆರೀಬೇಡ" ಎಂದೆ. ನೀನು ಕೈ ತೊಳೆದು ಎದ್ದೆ. ಅಂದಿನಿಂದ ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ಅಮ್ಮನಿಗೆ ಫೋನ್ ಮಾಡುತ್ತೀ.

ನಿನ್ನ ಮೊದಲ ಪಾತ್ರ ನೆನಪಿದೆಯಾ? ರಾಜನಾದ ನನ್ನ ಕತ್ತಿಗೆ ಸಾಯುವ ಮಗು. ಆ ದಿನ ಜನ ನನಗೆ ಹಾರ ಹಾಕಿದರು, ನಾನು ಮೈಮರೆತೆ. ಕುರ್ಚಿಗಳನ್ನೆಲ್ಲ ಎತ್ತಿಟ್ಟಾದ ಮೇಲೆ ನೋಡಿದರೆ ನೀನು ರಂಗದ ಹಲಗೆಯ ಮೇಲೆ ಧೂಳಿನಲ್ಲಿ ಹಾಗೇ ಮಲಗಿದ್ದೆ. ಎಲ್ಲರೂ ಕರೆದಿದ್ದರಂತೆ. ನೀನು ಒಂದು ಕಣ್ಣು ತೆರೆದು, "ಅಪ್ಪ ಹೇಳ್ಲಿಲ್ವಲ್ಲ" ಎಂದೆ.

ಈ ಸಲವೂ ಕೊಂದವನು ನಾನೇ. ಈ ಸಲವೂ ಹಾರ ಹಾಕಿಸಿಕೊಂಡು ಮೈಮರೆತೆ. ಎರಡು ವರ್ಷ ನಿನ್ನನ್ನು ಅಲ್ಲೇ ಮಲಗಿಸಿಬಿಟ್ಟೆ.

ಕೋಟೆಯ ಗೇಮನ್ನು ನಿನ್ನೆ ಮುಗಿಸಿದೆ. ಕೊನೆಯಲ್ಲಿ ಇರುವೆ ಸಾಲಿನಂತೆ ಹೆಸರುಗಳು ಹರಿದವು. ನಿನ್ನದು ಬಂದಾಗ ಎದ್ದು ನಿಂತು, ಅಂಗೈ ಕೆಂಪಾಗುವವರೆಗೆ ಚಪ್ಪಾಳೆ ತಟ್ಟಿದೆ. ನಿಮ್ಮಮ್ಮನೂ ಮಿಷನ್ ನಿಲ್ಲಿಸಿ ತಟ್ಟಿದಳು.

ನಿನ್ನ ಮಾತು ಕೇಳುವುದನ್ನು ತಡವಾಗಿ ಕಲಿತ,
ಅಪ್ಪ

ತಾ.ಕ.: ಕೆಟ್ಟ ಗಂಟಲ್ಲವೆಂದದ್ದು ನಿಜ. ಉಳಿದದ್ದನ್ನು ಬರೆಯಲಿಲ್ಲ. ಗಂಟು ಆಳಕ್ಕಿಳಿದಿತ್ತಂತೆ, ದನಿ ಬಂದರೂ ಬಂತು, ಬರದಿದ್ದರೂ ಇಲ್ಲ ಎಂದು ಡಾಕ್ಟರಮ್ಮ ನನಗೊಬ್ಬನಿಗೇ ಹೇಳಿದ್ದಾರೆ. ನಿಮ್ಮಮ್ಮನಿಗೂ ಗೊತ್ತಿಲ್ಲ. ಈ ಹಾಳೆಗಳ ಫೋಟೊ ತೆಗೆದು ನಿನಗೆ ಕಳಿಸುವವಳು ಅವಳೇ, ಓದುತ್ತಾಳೆ. ಓದಲಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರಮ್ಮ ‘ಆ’ ಎನ್ನಲು ಹೇಳುತ್ತಾರೆ. ನಾನು ‘ಆ’ ಎನ್ನುವುದಿಲ್ಲ. ನಿಮ್ಮಮ್ಮನ ಫೋನಿನಿಂದ ನಿನಗೆ ಕರೆ ಮಾಡಿ, ಇದ್ದಷ್ಟು ದನಿಯಲ್ಲಿ, "ಏಳು ಮಗಳೇ, ಪರದೆ ಬಿದ್ದಿದೆ" ಅನ್ನುತ್ತೇನೆ. ಏನೂ ಕೇಳಿಸದಿದ್ದರೆ ಫೋನ್ ಇಡಬೇಡ. ಬಳಪದಿಂದ ಸ್ಲೇಟಿನ ಮೇಲೆ ಎರಡು ಸಲ ತಟ್ಟುತ್ತೇನೆ. ಅದೇ ನನ್ನ ಚಾಚಿದ ಕೈ.