ಎರಡೂ ಕಡೆ ಇದ್ದ ‘ಎಂ’

ಹಾಸ್ಟೆಲ್, ಕೋಣೆ ೨೧೪
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಪ್ಪಾ,

ಸೊಂಟನೋವು ಈಗ ಹೇಗಿದೆ? ಹಡಗಿನ ಎಂಜಿನ್ ರೂಮಿನ ಸೆಕೆಯಲ್ಲಿ ನೀರು ಕುಡಿಯುವುದನ್ನೇ ಮರೆಯುತ್ತೀರಿ, ನನಗೆ ಗೊತ್ತು, ಕುಡಿಯಿರಿ. ಕೋರ್ಸ್ ಬಿಟ್ಟುಬಿಡುತ್ತೇನೆ ಎಂದು ಶುಕ್ರವಾರ ಅಳುತ್ತಾ ಬರೆದ ಪತ್ರ ಮೊದಲೇ ನಿಮ್ಮ ಕೈ ಸೇರಿದ್ದರೆ ಗಾಬರಿಯಾಗಬೇಡಿ. ಈಗ ಉಸಿರು ಬಂದಿದೆ. ನನ್ನದು ಹಾಸ್ಟೆಲ್ ಕನ್ನಡ, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡು ಓದಿ.

ನಮ್ಮ ನಾಲ್ವರ ಪ್ರಾಜೆಕ್ಟ್, ಹೈಡ್ರೋಜನ್ ಉರಿಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಉರಿಯುವಾಗ ನಡೆಯುವ ಇಪ್ಪತ್ತು ಪುಟ್ಟ ಕ್ರಿಯೆಗಳ ಪಟ್ಟಿ ಮೇಡಂ ಕೊಟ್ಟಿದ್ದರು; ಟೈಪ್ ಮಾಡುವ ಕೆಲಸ ನನ್ನದು. ಏಳು ಕಡೆ ಬಾಣದ ಗುರುತಿನ ಎಡಕ್ಕೂ ಬಲಕ್ಕೂ ಒಂದೊಂದು ‘ಎಂ’ ಇತ್ತು. ಎರಡೂ ಕಡೆ ಒಂದೇ ಇದ್ದರೆ ಕ್ಯಾನ್ಸಲ್, ಹೊಡೆದುಹಾಕಬೇಕು ಎಂದು ಸ್ಕೂಲಿನಿಂದ ಕಲಿಸಿದ್ದಾರಲ್ಲ! ನೀಟಾಗಿ ಹೊಡೆದುಹಾಕಿದೆ, ಯಾರಿಗೂ ಹೇಳಲೂ ಇಲ್ಲ. ಗುರುವಾರ ರನ್ ಮಾಡಿದರೆ ಬೆಂಕಿ ಹತ್ತಲೇ ಇಲ್ಲ. ಪರದೆ ಮೇಲೆ ಉಷ್ಣತೆ ತೋರಿಸುವ ಗೆರೆ ಏರದೆ ಬರೀ ಅಡ್ಡಗೆರೆಯಾಗಿತ್ತು. ಉಳಿದ ಮೂವರ ಮುಖ ನೋಡಲಾಗದೆ ರೂಮಿಗೆ ಓಡಿಬಂದೆ.

ನಿನ್ನೆ ಮೇಡಂ ಫೈಲ್ ತೆರೆದು “ಎಂ ಎಲ್ಲಿ ಹೋಯ್ತು? ಯಾರು ತೆಗೆದಿದ್ದು?” ಎಂದರು. ಕೈ ಎತ್ತಿದೆ. ಅವರು ಬೈಯದೆ ಬಿಡಿಸಿ ಹೇಳಿದರು. ‘ಎಂ’ ಎಂದರೆ ಸುತ್ತಲಿನ ಯಾವುದೇ ಅಣು, ಮೂರನೆಯವನು. “ಇಬ್ರು ಜೋರಾಗಿ ಓಡಿಬಂದು ತಬ್ಬಿಕೊಂಡ್ರೆ ಆ ರಭಸಕ್ಕೇ ಮತ್ತೆ ಬೇರೆಯಾಗಿಬಿಡ್ತಾರೆ ಕಣಮ್ಮ. ಮೂರನೆಯವನು ಆ ರಭಸ ಹೊತ್ಕೊಂಡು ಹೋದ್ರೆ ಮಾತ್ರ ಒಟ್ಟಿಗೆ ಉಳೀತಾರೆ. ಅವನು ಬಂದ ಹಾಗೇ ಹೋಗ್ತಾನೆ, ಅದಕ್ಕೇ ಎರಡೂ ಕಡೆ ಬರೆಯೋದು.” ಪಟ್ಟಿಯಿಂದ ಅವನನ್ನು ತೆಗೆದರೆ, ಜೋಡಿಯಾಗಲು ಅವನು ಬೇಕೆಂಬುದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ; ಅವನು ಸಿಗುವವರೆಗೆ ಕಾಯುವ ಲೆಕ್ಕವೇ ಹೋಗಿ, ಬೆಂಕಿ ಹಬ್ಬಿಸಬೇಕಾದ ಪರಮಾಣುಗಳೆಲ್ಲ ಕ್ಷಣದಲ್ಲಿ ಜೋಡಿಯಾಗಿ ಕೂತುಬಿಡುತ್ತವೆ. ಇನ್ನು ಉರಿಸಲು ಯಾರಿದ್ದಾರೆ?

ಏಳನ್ನೂ ವಾಪಸ್ ಹಾಕಿದೆ. ಇವತ್ತು ಬೆಳಿಗ್ಗೆ ಆ ಗೆರೆ ಸರ್ರನೆ ಮೇಲೆದ್ದಿತು, ಅಪ್ಪಾ! ಮೂವರೂ “ಕ್ಯಾನ್ಸಲಮ್ಮಾ, ನಾಳೆ ಬೆಳಿಗ್ಗೆ ಕ್ಲಾಸನ್ನೂ ಕ್ಯಾನ್ಸಲ್ ಮಾಡೇ” ಎಂದು ರೇಗಿಸುತ್ತಾ ಕ್ಯಾಂಟೀನಿಗೆ ಎಳೆದುಕೊಂಡು ಹೋದರು. ಎಷ್ಟು ದಿನವಾಗಿತ್ತೋ, ಹೊಟ್ಟೆ ತುಂಬ ತಿಂದೆ.

ಹಡಗಿನ ಅಡುಗೆ ಅಂಕಲ್‌ಗೆ ನಮಸ್ಕಾರ ಹೇಳಿ. ಗಾಳಿ ಜೋರಿದ್ದಾಗ ಡೆಕ್ ಮೇಲೆ ನಿಲ್ಲಬೇಡಿ.

ನಿಮ್ಮ
ಪುಟ್ಟಿ

ತಾ.ಕ.: ಒಂದು ವಿಷಯ ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಶುಕ್ರವಾರ ನಿಮಗೆ ಪತ್ರ ಹಾಕುವ ಮೊದಲೇ ಕೋರ್ಸ್ ಬಿಡುವ ಅರ್ಜಿಯನ್ನು ಆಫೀಸಿಗೆ ಕೊಟ್ಟುಬಿಟ್ಟಿದ್ದೆ. ಇವತ್ತು ವಾಪಸ್ ಕೇಳಿದರೆ ಗುಮಾಸ್ತರು “ಅಡ್ಮಿಷನ್‌ಗೆ ಸಹಿ ಹಾಕಿದವರ ಪತ್ರ ತನ್ನಿ” ಎನ್ನುತ್ತಾರೆ. ತಿಂಗಳ ಕೊನೆಯವರೆಗೆ ಟೈಮ್ ಇದೆ. ಮುಂದಿನ ಬಂದರಿನಿಂದಲೇ ಎರಡು ಸಾಲು ಕಳಿಸುತ್ತೀರಾ? ಬಿಡುವಾಗ ನಿಮ್ಮನ್ನು ಕೇಳಲಿಲ್ಲ. ಉಳಿಯುವುದಕ್ಕೆ ನಿಮ್ಮ ಸಹಿಯೇ ಬೇಕಂತೆ.